ಅಳಿವೆಯಲ್ಲೊಂದು ಶರದೃತುವಿನ ದಿನ

ಕುಂದಾಪುರದ ಹೊಳೆದಂಡೆಯವರಿಗೆ ಶರದೃತು ಬಂದಿತೆಂದು ತಿಳಿಸುವುದು ಪಂಚಾಂಗಕ್ಕಿಂತಲೂ ಮೊದಲು ನೀರಿನ ಬಣ್ಣ. ಜ್ಯೇಷ್ಠದಿಂದ ಭಾದ್ರಪದದವರೆಗೆ ಘಟ್ಟದ ಮಣ್ಣನ್ನು ಹೊತ್ತು ಕೆಂಪಾಗಿ ಭೋರ್ಗರೆಯುತ್ತಿದ್ದ ನೀರು ನವರಾತ್ರಿಯ ಹೊತ್ತಿಗೆ ತಿಳಿಯಾಗತೊಡಗುತ್ತದೆ. ಸಿಹಿನೀರಿನ ರಭಸವು ಕುಗ್ಗಿದಂತೆ ಕಡಲಿನ ಉಪ್ಪುನೀರು ದಿನಕ್ಕಿಷ್ಟೆಂದು ಒಳಕ್ಕೆ ಬರುತ್ತದೆ. ಅದರ ಬೆನ್ನಿಗೇ ಮೀನೂ ಬರುತ್ತದೆ. ಆಕಾಶ ಶುಭ್ರ, ಗಾಳಿ ಮಂದ, ಬೈಲಿನಲ್ಲಿ ಕೊಯ್ಲಿನ ಗಡಿಬಿಡಿ. ಈ ಗಡಿಬಿಡಿಯ ನಡುವೆ ಒಂದು ದಿನವನ್ನು ಕದ್ದು ಗಾಳ ಹಿಡಿದು ಕುಳಿತುಕೊಳ್ಳುವವನನ್ನು ಮನೆಯವರು ಸೋಮಾರಿಯೆಂದು ಜರೆಯುವುದುಂಟು. ಆ ಸೋಮಾರಿತನದ ಪರವಾಗಿ ಎರಡು ಮಾತು ಹೇಳಬೇಕೆಂದೇ ನಾವು ಈ ಲೇಖನವನ್ನು ಕೈಗೊಂಡಿದ್ದೇವೆ.

ಕೋಡಿ ಎಂಬ ಹೆಸರಿನ ಊರುಗಳು ನಮ್ಮ ಸೀಮೆಯಲ್ಲಿ ಒಂದೆರಡಲ್ಲ. ಹಂಗಾರಕಟ್ಟೆಯ ಕಡೆ ಒಂದುಂಟು. ಸೀತಾ ಸುವರ್ಣಾ ನದಿಗಳು ಕಡಲನ್ನು ಸೇರುವಲ್ಲಿ ಕೋಡಿಬೆಂಗ್ರೆಯುಂಟು. ಕೋಡಿಯೆಂದರೆ ತುದಿ, ಕೆರೆಯ ನೀರು ಹೊರಹರಿಯುವ ದಾರಿಗೂ ಅದೇ ಹೆಸರು. ನಾವು ಹೇಳಹೊರಟಿರುವುದು ಕುಂದಾಪುರ ಪೇಟೆಯ ಪಶ್ಚಿಮಕ್ಕೆ, ಕಡಲಿಗೂ ಹೊಳೆಗೂ ನಡುವೆ ನಾಲಗೆಯಂತೆ ಚಾಚಿಕೊಂಡಿರುವ ಕೋಡಿಯ ಸಂಗತಿ. ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಪಂಚಗಂಗಾವಳಿ. ತುದಿಯಲ್ಲಿ ನಿಂತರೆ ಎದುರುದಡದ ಗಂಗೊಳ್ಳಿಯ ದೋಣಿಗಳು ಕೂಗಳತೆಯಲ್ಲಿರುವಂತೆ ಕಾಣುತ್ತವೆ. ರಸ್ತೆಯಲ್ಲಿ ಹೋಗುವವರು ಮಾತ್ರ ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಿಯೇ ಅಲ್ಲಿಗೆ ಮುಟ್ಟಬೇಕು.

ಪಂಚಗಂಗಾವಳಿಯೆಂಬ ಹೆಸರು ಬರಿಯ ಅಲಂಕಾರವಲ್ಲ. ಕೊಡಚಾದ್ರಿಯಿಂದಿಳಿದು ಕೊಲ್ಲೂರಿನ ಮಗ್ಗುಲಲ್ಲಿ ಹರಿದು ಬರುವ ಸೌಪರ್ಣಿಕಾ, ಹೊಸಂಗಡಿಯ ಭೂಗರ್ಭದ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸಿ ಬರುವ ವಾರಾಹಿ, ಮಳೆಗಾಲದಲ್ಲಿ ಕಮಲಶಿಲೆಯ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಗರ್ಭಗುಡಿಯವರೆಗೆ ನುಗ್ಗಿ ದೇವಿಯ ಪಾದವನ್ನು ತೊಳೆಯುವ ಕುಬ್ಜಾ, ಇವುಗಳೊಡನೆ ಚಕ್ರಾ, ಐದನೆಯದನ್ನು ಕೆಲವರು ಖೇಟಾ ಎನ್ನುತ್ತಾರೆ, ಕೆಲವರು ಕೇದಕ ಎನ್ನುತ್ತಾರೆ. ಈ ಐದೂ ಒಂದಾಗಿ, ನಡುನಡುವೆ ಕುದ್ರುಗಳನ್ನು ತಬ್ಬಿಕೊಂಡು, ಕೋಡಿಗೂ ಗಂಗೊಳ್ಳಿಗೂ ನಡುವಿನ ಒಂದೇ ಬಾಗಿಲಿನಿಂದ ಕಡಲಿಗೆ ಇಳಿಯುತ್ತವೆ. ಐದು ಹೊಳೆಗಳ ಮೀನಿಗೂ ಕಡಲಿನಿಂದ ಒಳಬರಲು ಇರುವುದು ಇದೇ ಬಾಗಿಲು. ಗಾಳದವನಿಗೆ ಇದಕ್ಕಿಂತ ಬೇರೆ ಜಾಗ ಬೇಕೆ?

ಈ ವರ್ಷ ನಾವು ಅಲ್ಲಿಗೆ ಹೋದುದಕ್ಕೆ ಒಂದು ವಿಶೇಷ ಕಾರಣವಿದ್ದಿತು. ನಮ್ಮ ಭಾವನವರು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ಬೇಸಗೆಯಲ್ಲಿ ಅವರಿಗೆ ಹೃದಯದ ವ್ಯಾಧಿ ತಲೆದೋರಿ, ಶಸ್ತ್ರಚಿಕಿತ್ಸೆಯಾಗಿ, ದೇವರ ದಯದಿಂದ ಬದುಕಿ ಉಳಿದರು. ವೈದ್ಯರು ವಿಶ್ರಾಂತಿಯನ್ನು ವಿಧಿಸಿದರು. ಆದರೆ ಮೂವತ್ತು ವರ್ಷ ಗಡಿಯಾರದ ಮುಳ್ಳಿನೊಡನೆ ಓಡಿದವರಿಗೆ ವಿಶ್ರಾಂತಿಯೆಂಬುದು ಔಷಧಕ್ಕಿಂತಲೂ ಕಹಿಯಷ್ಟೆ! ನವರಾತ್ರಿಗೆಂದು ಊರಿಗೆ ಬಂದವರು ಜಗಲಿಯಲ್ಲಿ ಕುಳಿತಲ್ಲಿ ಕುಳಿತಿರಲಾರರು. ಗಳಿಗೆಗೊಮ್ಮೆ ಮೊಬೈಲನ್ನು ತೆಗೆದು ನೋಡುವರು. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ತಿರುಗುವರು. ಅಕ್ಕ ಬಾಯಿಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಆದರೆ ಅವರು ಅಂಗಳಕ್ಕೆ ಇಳಿದಾಗಲೆಲ್ಲ ಆಕೆಯ ಕೋಣೆಯ ದೀಪವೂ ಹೊತ್ತಿಕೊಳ್ಳುವುದನ್ನು ನಾವು ಕಂಡಿದ್ದೆವು.

ದೋಣಿಯ ಸುದ್ದಿಯನ್ನೆತ್ತಿದಾಗ ಆಕೆ ಮೊದಲು ಒಪ್ಪಲಿಲ್ಲ. ಬಿಸಿಲೇರುವಾಗ ತಲೆಯ ಮೇಲೆ ಮುಟ್ಟಾಳೆ ಇರಬೇಕು, ಮಾತ್ರೆ ತಪ್ಪಬಾರದು, ಅಳಿವೆಬಾಯಿಯ ಕಡೆಗೆ ದೋಣಿ ಹೋಗಲೇಕೂಡದು ಎಂಬ ಮೂರು ಷರತ್ತುಗಳ ಮೇಲೆ ಕೊನೆಗೆ ಒಪ್ಪಿಗೆ ದೊರೆಯಿತು.

ನಮ್ಮನ್ನು ಕರೆದೊಯ್ದವರು ಕೋಡಿಯ ಹಿರಿಯ ಮೊಗವೀರರೊಬ್ಬರು. ಊರಿಗೆಲ್ಲ ಅವರು ಅಜ್ಜ. ಪತ್ರಿಕೆಯಲ್ಲಿ ಬರೆಯುತ್ತೇವೆಂದಾಗ "ನನ್ ಹೆಸ್ರ್ ಎಂತಕ್ಕೆ? ಹೊಳಿ ಹೆಸ್ರ್ ಇದ್ರೆ ಸಾಕ್" ಎಂದುಬಿಟ್ಟರು, ಆದಕಾರಣ ನಾವೂ ಅಜ್ಜನೆಂದೇ ಕರೆಯುತ್ತೇವೆ. ಬಾಲ್ಯದಲ್ಲಿ ಅವರು ರಂಪಣಿಯ ಹಗ್ಗವನ್ನೆಳೆದವರು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಮಹಾಬಲೆಯನ್ನು ಈಗಿನ ಮಕ್ಕಳು ಬಲ್ಲರೋ ಇಲ್ಲವೋ! 1970ರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸಿನ್ ಬಲೆಗಳೂ ಬಂದ ಮೇಲೆ ರಂಪಣಿಯು ಹಿಂದೆ ಬಿದ್ದಿತು. ಅಜ್ಜನ ಮಕ್ಕಳು ಈಗ ಯಂತ್ರದ ದೋಣಿಗಳಲ್ಲಿ ದುಡಿಯುತ್ತಾರೆ. ಅಜ್ಜ ಮಾತ್ರ ಒಂದು ಸಣ್ಣ ಪಾತಿಯನ್ನಿಟ್ಟುಕೊಂಡು ಹೊಳೆಯನ್ನು ನೆಚ್ಚಿದ್ದಾರೆ.

ಆ ದಿನ ಆಶ್ವಯುಜ ಬಹುಳ ಪಂಚಮಿ. ಬೆಳಗಿನ ಏಳು ಗಂಟೆಗೆ ನಾವು ಪಾತಿಯನ್ನೇರಿದಾಗ ಹೊಳೆಯು ಇಳಿಯುತ್ತಲಿದ್ದಿತು. ಅಜ್ಜ ಜಲ್ಲೆಯನ್ನೂರಿ ದೋಣಿಯನ್ನು ಕಾಂಡ್ಲದ ಹಿಂಡಿಲಿನ ಮಗ್ಗುಲಿಗೆ ತಂದರು. ಕಾಂಡ್ಲವನವನ್ನು ಕಾಣದ ಘಟ್ಟದ ಮೇಲಿನ ವಾಚಕರಿಗಾಗಿ ಇಷ್ಟನ್ನು ಹೇಳಬೇಕು: ಈ ಮರಗಳು ಉಪ್ಪುನೀರಿನ ಕೆಸರಿನಲ್ಲಿ ಬದುಕತಕ್ಕವು, ಕಾಂಡದಿಂದ ಕಮಾನುಗಳಂತೆ ಬೇರುಗಳನ್ನಿಳಿಸಿ ನಿಲ್ಲುತ್ತವೆ. ಇವುಗಳ ಬೀಜವು ಮರದ ಮೇಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ತೂಗಾಡಿ, ಪಕ್ವವಾದಾಗ ಕೆಸರಿಗೆ ನೆಟ್ಟಗೆ ಬಿದ್ದು ಸಸಿಯಾಗುತ್ತದೆ. ಇಲ್ಲವೆ ನೀರಿನಲ್ಲಿ ತೇಲಿಹೋಗಿ ಬೇರೆಡೆ ನೆಲೆಯೂರುತ್ತದೆ. ಹಡೆದ ತಾಯಿ ಮಗುವನ್ನು ನಡೆಯಲು ಕಲಿಸಿಯೇ ಮನೆಯಿಂದ ಕಳುಹಿಸುವಂತೆ! ಆ ಬೇರುಗಳ ಸಂದಿಯಲ್ಲಿ ಬೆರಳುದ್ದದ ಮರಿಮೀನುಗಳೂ ಚಟ್ಲಿಯ ಮರಿಗಳೂ ದೊಡ್ಡ ಮೀನಿನ ಬಾಯಿಗೆ ಸಿಕ್ಕದೆ ಬೆಳೆಯುತ್ತವೆ.

ಲಂಗರು ಇಳಿಯಿತು. ಬಿದಿರಿನ ಕೋಲಾಗಲಿ, ಪರದೇಶದವರ ರಾಟೆಯ ಕೋಲಾಗಲಿ ನಮ್ಮಲ್ಲಿ ಇರಲಿಲ್ಲ. ಮರದ ತುಂಡಿಗೆ ಸುತ್ತಿದ ಸಣ್ಣ ತಂಗೂಸು ದಾರ, ಅದರ ತುದಿಗೆ ಸೀಸದ ಗುಂಡು, ಗೇಣಿನಷ್ಟು ದೂರದಲ್ಲಿ ಸಣ್ಣ ಗಾಳ. ಎರೆಗೆ ಹೊಳೆಯಂಚಿನ ಮರಳುಕೆಸರಿನಿಂದ ಅಗೆದ ಹುಳು. ಅದು ತೀರಿದರೆ ಚಟ್ಲಿ. ಭಾವನವರು ದಾರವನ್ನು ಬಿಟ್ಟು ಎರಡು ನಿಮಿಷವಾಗುವುದರೊಳಗೆ ಎಳೆದು ನೋಡಿದರು. ಮತ್ತೆ ಬಿಟ್ಟರು, ಮತ್ತೆ ಎಳೆದರು. ಐದಾರು ಸಲ ಹೀಗಾಗುವಾಗ ಅಜ್ಜ ಎಲೆಯಡಿಕೆಯನ್ನು ಮೆಲ್ಲುತ್ತ, "ಹ್ವಾಯ್, ಗಡಿಬಿಡಿ ಮಾಡ್ಬೇಡಿ. ಕಾಯೂದ್ ಮೀನಿಗಲ್ಲ, ನೀರಿಗೆ" ಎಂದರು.

ಈ ಮಾತಿನಲ್ಲಿಯೇ ಅಳಿವೆಯ ಗಾಳದ ವಿದ್ಯೆಯೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆರಡು ಭರತ, ಎರಡು ಇಳಿತ. ಇಂದಿನ ಭರತಕ್ಕಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚೆ ಭರತ ಇಳಿತಗಳ ಅಂತರ ಹೆಚ್ಚು, ಸೆಳೆತ ಜೋರು; ಅಷ್ಟಮಿಯ ಹೊತ್ತಿಗೆ ನೀರು ಸೌಮ್ಯ. ಪೂರ್ತಿ ಇಳಿದು ನೀರು ಒಂದು ಕ್ಷಣ ನಿಂತಂತಾಗಿ, ಮತ್ತೆ ಕಡಲಿನ ಕಡೆಯಿಂದ ಏರತೊಡಗಿದಾಗ, ಹೊಸನೀರು ಮರಳದಿಣ್ಣೆಗಳ ಮೇಲೆ ಹಬ್ಬುತ್ತದೆ. ಅಲ್ಲಿನ ಹುಳುಗಳನ್ನೂ ಸಣ್ಣ ಚಟ್ಲಿಗಳನ್ನೂ ಹುಡುಕುತ್ತ ಮೀನು ಮೇಯಲು ಹೊರಡುತ್ತದೆ. ಅದಕ್ಕೆ ಮೊದಲು ಗಾಳವನ್ನು ನೂರು ಸಲ ಎಳೆದರೂ ಎರೆಯನ್ನು ತೊಯಿಸಿದ್ದಷ್ಟೇ ಲಾಭ.

ಒಂಬತ್ತು ಗಂಟೆಯ ಸುಮಾರಿಗೆ ದಡದ ಕಪ್ಪೆಚಿಪ್ಪುಗಳೆಲ್ಲ ಬತ್ತಲಾಗಿ, ಹೆಂಗಸರು ಬುಟ್ಟಿಗಳೊಡನೆ ಸೊಂಟದ ನೀರಿಗಿಳಿದು ಚಿಪ್ಪುಮೀನನ್ನು ಹೆಕ್ಕುತ್ತಿದ್ದರು. ಗರುಡನೊಂದು ಮೇಲೆ ಸುತ್ತುತ್ತಿದ್ದಿತು. ಅಜ್ಜ ಕೈಯನ್ನು ನೀರಿಗಿಳಿಬಿಟ್ಟು ನೋಡಿ, "ನಿಂತಿತ್ತ್. ಇನ್ನ್ ಏರತ್ತ್" ಎಂದರು. ನಮ್ಮ ಕಣ್ಣಿಗೆ ಯಾವ ಬದಲಾವಣೆಯೂ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಲಂಗರಿನ ಹಗ್ಗವು ಸಡಿಲಿ, ಪಾತಿಯು ತಾನಾಗಿಯೇ ಮೂತಿಯನ್ನು ತಿರುಗಿಸಿ ಕಡಲಿಗೆ ಮುಖ ಮಾಡಿತು.

ಆಮೇಲೆ ಬಂದಿತು ಕಾಣೆ.

ಕುಂದಾಪುರದವರಿಗೆ ಕಾಣೆಯ ಪರಿಚಯವನ್ನು ಮಾಡಿಕೊಡುವುದು ಬಸ್ರೂರಿನವರಿಗೆ ಬಸ್ರೂರಿನ ದಾರಿಯನ್ನು ತೋರಿಸಿದಂತೆ. ಉಳಿದವರಿಗಾಗಿ ಹೇಳುವೆವು. ಗೇಣುದ್ದದ, ಸಪುರವಾದ, ಬೆಳ್ಳಿಗೆ ತುಸು ಹೊನ್ನು ಬೆರಸಿದ ಬಣ್ಣದ ಮೀನಿದು, ಒಂದಡಿಯವರೆಗೂ ಬೆಳೆಯುವುದುಂಟು. ಮೂತಿ ಚೂಪು, ಬಾಯಿ ಸಣ್ಣದು; ಮರಳುತಳದಲ್ಲಿಯೇ ಇದರ ಸಂಸಾರ. ಬೆದರಿದರೆ ಕ್ಷಣಾರ್ಧದಲ್ಲಿ ಮರಳಿನೊಳಗೆ ಹೂತುಕೊಳ್ಳುತ್ತದೆ. ಬೀಸುಬಲೆಯು ಮೇಲಿನಿಂದ ಜಾರಿಹೋಗುತ್ತದೆ, ಮೀನು ಕಾಣೆ! ಹೆಸರನ್ನಿಟ್ಟ ಪುಣ್ಯಾತ್ಮನು ಶ್ಲೇಷವನ್ನು ಬಲ್ಲವನಿದ್ದಿರಬೇಕು. ಗಾಳಕ್ಕೆ ಇದು ಕಚ್ಚುವ ಬಗೆಯೂ ಹಾಗೆಯೇ, ಬಲು ಮೆದು. ದಾರವನ್ನು ತೋರುಬೆರಳಿನ ಮೇಲಿಟ್ಟುಕೊಂಡು, ಉಸಿರನ್ನು ಬಿಗಿಹಿಡಿದು, ನಾಡಿಯನ್ನು ನೋಡುವ ಪಂಡಿತರಂತೆ ಕುಳಿತರೆ ಮಾತ್ರ ಆ 'ಟಕ್ ಟಕ್' ತಿಳಿಯುತ್ತದೆ. ಅನ್ಯಮನಸ್ಕನಿಗೆ ತಿಳಿಯದು.

ಭಾವನವರು ಮೊದಲಿನ ಮೂರು ಕಚ್ಚುಗಳನ್ನು ಕಳೆದುಕೊಂಡರು. ನಾಲ್ಕನೆಯದಕ್ಕೆ ಬೆರಳು ಎಚ್ಚರಗೊಂಡಿದ್ದಿತು. ಮೀನು ದೋಣಿಯೊಳಗೆ ಬಿದ್ದು ಹೊಳೆಹೊಳೆದಾಗ ಅವರ ಮೋರೆಯಲ್ಲಿ ಮೂಡಿದ ನಗುವನ್ನು ನಾವು ಬೇಸಗೆಯಿಂದೀಚೆಗೆ ಕಂಡಿರಲಿಲ್ಲ. ಕಿಸೆಯ ಮೊಬೈಲು ಒಂದೆರಡು ಸಲ ಗುಂಯ್ಗುಟ್ಟಿತು. ಒಂದು ಕೈಯಲ್ಲಿ ದಾರ, ಇನ್ನೊಂದು ಕೈಗೆ ಹುಳುವಿನ ಕೆಸರು. ತೆಗೆಯುವ ಬಗೆ ಹೇಗೆ? ಆಮೇಲೆ ಅದು ಗುಂಯ್ಗುಟ್ಟಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ನಾವು ವಿಚಾರಿಸಲಿಲ್ಲ.

ಶರದೃತುವಿನಲ್ಲಿ ಹೀಗೆ ಹೊಳೆಯ ಮುಂದೆ ಧ್ಯಾನಸ್ಥರಾಗುವವರು ನಾವು ಮಾತ್ರವಲ್ಲ. ಸ್ಕಾಟ್ಲೆಂಡಿನ ಟ್ವೀಡ್, ಟೇ ಮೊದಲಾದ ನದಿಗಳಲ್ಲಿ ಇದೇ ತಿಂಗಳುಗಳಲ್ಲಿ ಸಾಲ್ಮನ್ ಎಂಬ ದೊಡ್ಡ ಮೀನು ಕಡಲನ್ನು ಬಿಟ್ಟು, ತಾನು ಹುಟ್ಟಿದ ಹೊಳೆಯನ್ನೇ ವಾಸನೆಯಿಂದ ಗುರುತಿಸಿ ಏರಿ ಬರುತ್ತದೆ. ಅಲ್ಲಿಯವರು ಮೊಣಕಾಲು ಮೀರಿದ ತಣ್ಣೀರಿನಲ್ಲಿ ದಿನವೆಲ್ಲ ನಿಂತು, ರೆಕ್ಕೆಪುಕ್ಕಗಳಿಂದ ಕಟ್ಟಿದ ಹುಸಿನೊಣವನ್ನು ನೀರಿನ ಮೇಲೆ ಎಸೆಯುತ್ತಾರೆ. ಹೊಳೆಯನ್ನು ಸೇರಿದ ಸಾಲ್ಮನ್ ಸಾಮಾನ್ಯವಾಗಿ ಆಹಾರವನ್ನೇ ಮುಟ್ಟುವುದಿಲ್ಲ. ಉಪವಾಸವಿರುವ ಮೀನಿಗೆ ಎರೆಯನ್ನೊಡ್ಡುವ ಈ ವ್ಯಾಪಾರದಲ್ಲಿ ತಾಳ್ಮೆಯೊಂದೇ ಬಂಡವಾಳ. 1922ನೆಯ ಅಕ್ಟೋಬರ್ 7ರಂದು ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆಯು ತಂದೆಯೊಡನೆ ದೋಣಿಯಲ್ಲಿ ಕುಳಿತು, ಎರಡು ಗಂಟೆಗೂ ಮೀರಿ ಹೋರಾಡಿ, 64 ಪೌಂಡಿನ ಸಾಲ್ಮನ್ನನ್ನು ಗಾಳದಿಂದ ಹಿಡಿದಳು. ಬ್ರಿಟನ್ನಿನಲ್ಲಿ ಆ ತೂಕವನ್ನು ಯಾವ ಗಂಡಸೂ ಇದುವರೆಗೆ ಮೀರಿಸಿಲ್ಲವೆಂಬುದನ್ನು ನಮ್ಮ ಸ್ತ್ರೀವಾಚಕರು ಗಮನಿಸಬೇಕು.

ನಮ್ಮ ಪೇಟೆಗಳ ಹೋಟೆಲುಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಬಡಿಸುವ ರಾವಸಕ್ಕೂ ಆ ಸಾಲ್ಮನ್ನಿಗೂ ಯಾವ ನೆಂಟಸ್ತಿಕೆಯೂ ಇಲ್ಲ; ಇಂಗ್ಲಿಷರು ರುಚಿಗೆ ಸೋತು ಇಟ್ಟ ಹೆಸರದು. ಎದೆಯ ಎರಡು ಮಗ್ಗುಲಲ್ಲೂ ನಾಲ್ಕು ನಾಲ್ಕು ನೂಲುಗಳಂಥ ಎಳೆಗಳುಳ್ಳ ರಾವಸವು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಳಿವೆಗಳಿಗೂ ಅದು ಬರುವುದುಂಟು. ಭಾವನವರು ಆ ದಿನ ರಾವಸದ ಆಸೆಯನ್ನು ಬಹಳವಾಗಿ ಇಟ್ಟುಕೊಂಡಿದ್ದರು. ಅದು ದರ್ಶನ ಕೊಡಲಿಲ್ಲ.

ಗಾಳದ ಮಾತು ಬಂದಾಗ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಬ್ಬ ಇಂಗ್ಲಿಷನನ್ನು ನೆನೆಯದಿರಲಾಗದು. ಕುಂದಾಪುರವು ಮದರಾಸು ಇಲಾಖೆಯ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಲ್ಲಿ ಆ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸನು 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಗ್ರಂಥವನ್ನು ಬರೆದನು; 1873ರಲ್ಲಿ ಅದು ಮಂಗಳೂರಿನಲ್ಲಿಯೇ ಪ್ರಕಟವಾಯಿತು. ನಮ್ಮ ಘಟ್ಟದ ಹೊಳೆಗಳ ಮಹಶೀರ್ ಮೀನು ಕಾದಾಟದಲ್ಲಿ ಸಾಲ್ಮನ್ನಿಗಿಂತಲೂ ಮಿಗಿಲೆಂದು ಅವನು ವಾದಿಸಿದನು. ಆದರೆ ಆತನನ್ನು ನಾವು ನೆನೆಯುವುದು ಬೇಟೆಯ ಹೆಮ್ಮೆಗಾಗಿ ಅಲ್ಲ. ಹೊಳೆಗೆ ವಿಷವನ್ನು ಕದಡುವುದನ್ನೂ, ಸಂದಿಯಿಲ್ಲದ ಬುಟ್ಟಿಬಲೆಗಳಿಂದ ಮರಿಗಳನ್ನೆಲ್ಲ ಬಳಿದುಕೊಳ್ಳುವುದನ್ನೂ ಕಂಡು ಮರುಗಿ, ಮೀನಿನ ಸಂತಾನವನ್ನು ಕಾಯಬೇಕೆಂದು ಅವನು ಸರಕಾರಕ್ಕೆ ಬರೆದನು. ಅಂಥವರ ಕೂಗು ಎಷ್ಟೋ ವರ್ಷ ನಡೆದ ಬಳಿಕ, 1897ರ ಮೀನುಗಾರಿಕೆಯ ಕಾನೂನು ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದು ವಿಧಿಸಿತು. ಕಾನೂನಿಗೆ ಮುಂಚೆಯೇ ನಮ್ಮವರು ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನನ್ನು ದೇವರದೆಂದು ಬಿಟ್ಟವರು. ಆ ಶಿಶಿಲದಲ್ಲಿಯೂ 1996ರಲ್ಲಿ ದುರುಳರು ಹೊಳೆಗೆ ವಿಷವಿಕ್ಕಿ ದೇವರ ಮೀನುಗಳನ್ನು ಕೊಂದರೆಂಬುದನ್ನು ಸಹ ಬರೆಯಬೇಕಾಗಿದೆ. ಸ್ಕಾಟರ ಸಾಲ್ಮನ್ನಿನ ಗತಿಯೂ ಚೆನ್ನಾಗಿಲ್ಲ. 2023ರಲ್ಲಿ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಹಿಡಿದ ಸಾಲ್ಮನ್ನನ್ನು ಮರಳಿ ಹೊಳೆಗೆ ಬಿಡುವ ವಾಡಿಕೆ ಅಲ್ಲಿ ಈಗ ಬಹಳವಾಗಿ ಬೆಳೆದಿದೆ.

ಹಿಡಿದುದನ್ನು ಬಿಡುವ ಈ ಪಾಠವನ್ನು ನಮಗೆ ಅಜ್ಜ ಪಾತಿಯಲ್ಲಿಯೇ ಕಲಿಸಿದರು. ಭಾವನವರ ಆರನೆಯ ಮೀನು ಅಂಗೈಯಷ್ಟೂ ಇರಲಿಲ್ಲ. ಎಣಿಕೆಯ ಉತ್ಸಾಹದಲ್ಲಿ ಅವರು ಅದನ್ನು ಬುಟ್ಟಿಗೆ ಹಾಕಹೊರಟಾಗ ಅಜ್ಜ ಕೈಯನ್ನು ಅಡ್ಡ ಹಿಡಿದು, "ಅದ್ ಸಣ್ಣದ್, ಬಿಡಿ. ನಾಳೆ ಮಕ್ಕಳಿಗ್ ಬೇಕಲ್ದಾ?" ಎಂದರು. ಧ್ವನಿಯಲ್ಲಿ ಉಪದೇಶವಿರಲಿಲ್ಲ; ಮನೆಯ ಅಕ್ಕಿಯ ಲೆಕ್ಕವನ್ನು ಹೇಳುವಂತಿದ್ದಿತು. ಅವರಿಗೆ ಅದು ನಿಜವಾಗಿಯೂ ಅಕ್ಕಿಯ ಲೆಕ್ಕವೇ. ನಮಗೆ ಒಂದು ದಿನದ ವಿನೋದವಾದ ಕಾಣೆಯು ಅವರಿಗೆ ಬೆಳಗಿನ ಸಂತೆಯ ಕಾಸು. ಹೊಳೆಯ ತಳದ ಮರಳನ್ನು ಮಿತಿಮೀರಿ ಬಗೆದ ಕಡೆ ಕಾಣೆಗೆ ಹೂತುಕೊಳ್ಳಲು ಮನೆಯಿಲ್ಲ. ಕಾಂಡ್ಲವನ್ನು ಕಡಿದ ಕಡೆ ಮರಿಗಳಿಗೆ ತೊಟ್ಟಿಲಿಲ್ಲ. ಈ ದಂಡೆಯಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲದ ಸಸಿಗಳನ್ನು ನೆಟ್ಟಿರುವುದು ನಮ್ಮ ದೃಷ್ಟಿಯಲ್ಲಿ ಬಹು ದೊಡ್ಡ ಕೆಲಸ. ಅದೇ ಬೇರುಗಳಿಗೆ ಪೇಟೆಯ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡು ಬಾವಲಿಗಳಂತೆ ತೂಗುವುದನ್ನೂ ನಾವು ಕಂಡೆವು.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಬಿಚ್ಚಿದೆವು. ಊಟವಾಗಿ ಮಾತ್ರೆಯನ್ನು ನುಂಗಿದ ಭಾವನವರು ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಮುಟ್ಟಾಳೆಯನ್ನು ಮೋರೆಗೆ ಎಳೆದುಕೊಂಡು ದೋಣಿಯ ಗೋಡೆಗೆ ಒರಗಿದರು. ನೀರು ತುಂಬುತ್ತ ಬಂದಿದ್ದಿತು. ಕಾಂಡ್ಲದ ನೆರಳು ದೋಣಿಯ ಮೇಲಿತ್ತು. ಸ್ವಲ್ಪ ಹೊತ್ತಿನಲ್ಲಿ ಗೊರಕೆ ಕೇಳಿಸಿತು. ದಾರವು ಎರಡು ಸಲ ಮಿಡಿದುದನ್ನು ನಾವು ಕಂಡು ಕೈಯನ್ನು ಚಾಚುವಷ್ಟರಲ್ಲಿ ಅಜ್ಜ, "ಅವ್ರನ್ ಏಳ್ಸ್ಬೇಡಿ" ಎಂದು ಪಿಸುಗುಟ್ಟಿ, ಹೆಬ್ಬೆರಳಿನ ಸುತ್ತನ್ನು ಮೆಲ್ಲಗೆ ಬಿಚ್ಚಿ ಮೀನನ್ನು ತಾವೇ ಎಳೆದುಕೊಂಡರು. ಎರಡು ಗಂಟೆಯ ಕಾಲ ಆ ಪುಣ್ಯಾತ್ಮರು ಎಚ್ಚರಾಗಲಿಲ್ಲ. ನಾವೂ ಅಜ್ಜನೂ ಒಂದು ಮಾತನ್ನೂ ಆಡದೆ ಭರತವು ತುಂಬುವುದನ್ನು ನೋಡುತ್ತ ಕುಳಿತೆವು.

ಆ ದಿನದ ಸಂಪಾದನೆ 14 ಕಾಣೆ. ಸಣ್ಣವೆಂದು ಮರಳಿ ಹೊಳೆಗೆ ಬಿಟ್ಟುದು 5. ಅಜ್ಜನ ಪಾಲನ್ನು ಕೊಟ್ಟು, ದೋಣಿಯ ಬಾಡಿಗೆಯನ್ನು ಒತ್ತಾಯದಿಂದ ಒಪ್ಪಿಸಿ ಮನೆಗೆ ಬಂದೆವು. ಕಾಣೆಯ ಮಾಂಸವು ಮೆದು, ಮುಳ್ಳು ಕಡಮೆ; ರೋಗದಿಂದ ಎದ್ದವರಿಗೂ ಮಕ್ಕಳಿಗೂ ನಮ್ಮ ಕಡೆ ಇದನ್ನೇ ಮೊದಲು ಬಡಿಸುವ ವಾಡಿಕೆ. ಎಣ್ಣೆಯಲ್ಲಿ ಕಾಯಿಸಿದರೆ ಮಕ್ಕಳಿಗೆ ಹಬ್ಬ. ಅಕ್ಕ ಮಾತ್ರ ವೈದ್ಯರ ಮಾತನ್ನು ಮರೆಯದೆ, ಕೊತ್ತಂಬರಿ ಮೆಣಸನ್ನು ಹಿತವಾಗಿ ಹುರಿದರೆದು, ಕಾಯಿಯನ್ನು ಕಡಮೆ ಮಾಡಿ, ಹುಣಸೆಹುಳಿಯ ತೆಳುವಾದ ಸಾರನ್ನು ಮಾಡಿದಳು. ಕುಚ್ಚಲಕ್ಕಿಯ ಗಂಜಿಯೊಡನೆ ಭಾವನವರು ಅದನ್ನು ಎರಡನೆಯ ಸಲ ಕೇಳಿ ಬಡಿಸಿಕೊಂಡರು. ಆ ರಾತ್ರಿ ಅಂಗಳದಲ್ಲಿ ಹೆಜ್ಜೆಯ ಸಪ್ಪಳ ಕೇಳಿಸಲಿಲ್ಲ. ಅಕ್ಕನ ಕೋಣೆಯ ದೀಪವೂ ಹೊತ್ತಲಿಲ್ಲ.

ಇಂಥದೊಂದು ದಿನವನ್ನು ಬಯಸುವ ವಾಚಕರು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಆಶ್ವಯುಜದಿಂದ ಮಾರ್ಗಶಿರದವರೆಗಿನ ಕಾಲವು ಪ್ರಶಸ್ತ. ಸೆಳೆತಕ್ಕೆ ಹೊಸಬರು ಹುಣ್ಣಿಮೆ ಅಮಾವಾಸ್ಯೆಗಳನ್ನು ಬಿಟ್ಟು ನಡುವಿನ ತಿಥಿಗಳನ್ನು ಆರಿಸಿಕೊಳ್ಳಲಿ. ಬೆಳಗಿನ ಇಳಿತವು ಮುಗಿಯುವುದಕ್ಕೆ ಒಂದು ಗಂಟೆ ಮುಂಚಿತವಾಗಿ ದೋಣಿಯಲ್ಲಿರಲಿ. ದೋಣಿ ಏರುವವರೆಲ್ಲರೂ, ಮಕ್ಕಳಂತೂ ತಪ್ಪದೆ, ತೇಲುವ ಅಂಗಿಯನ್ನು ತೊಡಬೇಕು. ಇಳಿತದ ಹೊತ್ತಿನಲ್ಲಿ ಅಳಿವೆಬಾಯಿಯ ಸಮೀಪಕ್ಕೆ ಯಾರೂ ಹೋಗಬಾರದು. ಐದು ಹೊಳೆಗಳ ನೀರು ಕಡಲಿನ ತೆರೆಗೆ ಇದಿರಾಗುವ ಆ ಜಾಗವು ಪಳಗಿದ ಮೀನುಗಾರರಿಗೂ ಅಪಾಯದ್ದು. ತಡೆಗೋಡೆಯ ಬಂಡೆಗಳ ಮೇಲೆ ಕುಳಿತು ಗಾಳ ಹಾಕುವವರು ಪಾಚಿಯ ಜಾರಿಕೆಯನ್ನು ನೋಡಿಕೊಳ್ಳಲಿ. ತುಂಡಾದ ತಂಗೂಸು ದಾರವನ್ನು ನೀರಿಗೆ ಎಸೆಯದೆ ಕಿಸೆಯಲ್ಲಿ ತನ್ನಿ. ಕೋಡಿಯ ಕಡಲದಂಡೆಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳ ಕುತ್ತಿಗೆಗೂ ಹಕ್ಕಿಗಳ ಕಾಲಿಗೂ ಅದು ಉರುಲಾಗುತ್ತದೆ. ಅಜ್ಜನಂಥವರ ಪಾತಿಯನ್ನು ಕರೆಯುವವರು ಹಿಂದಿನ ದಿನ ಸಂಜೆಯೇ ಹೋಗಿ ಮಾತನಾಡಬೇಕು. ಎಷ್ಟು ಗಂಟೆಗೆ ಹೊರಡುವುದೆಂದು ಗೊತ್ತುಮಾಡುವವರು ಅವರೇ. ಭಾವನವರು ಆ ವಾರದಲ್ಲಿಯೇ ಇನ್ನೆರಡು ಸಲ ಹೋಗಿ ವಿಚಾರಿಸಿದಾಗಲೂ ಅಜ್ಜ ಹೊಳೆಯ ಕಡೆಗೊಮ್ಮೆ ನೋಡಿಯೇ ಉತ್ತರ ಕೊಟ್ಟರು.